ಪೊರಕೆಯ ಭಾನುವಾರ

ಗೊರಿಜಿಯಾ,
26 ಏಪ್ರಿಲ್ 2004

ತಂಗಿ ಡಾನಿಲಾಗೆ,

ನಿನ್ನ ಅಕ್ಕ ಇನ್ನೂ ಬದುಕಿದ್ದಾಳೆ. ಮಂಡಿ ಬಿಟ್ಟರೆ ಮಿಕ್ಕದ್ದೆಲ್ಲ ನೆಟ್ಟಗಿದೆ, ನಾಲಿಗೆಯೂ.

ನೀನು ಕಳಿಸಿದ ಹಳೇ ಕಾರ್ಡು ಬಂತು. ಯುದ್ಧಕ್ಕೆ ಮೊದಲಿನ ನಮ್ಮ ರೈಲು ನಿಲ್ದಾಣದ ಚೌಕ. ಎಡಗಡೆ ನಮ್ಮ ಮನೆ, ಕಿಟಕಿಯಲ್ಲಿ ಹಾಸಿಗೆ ಬಿಸಿಲಿಗೆ ಹಾಕುತ್ತಿರುವ ಹೆಂಗಸು. ಭೂತಗನ್ನಡಿ ಹಿಡಿದು ನೋಡಿದೆ, ಅಮ್ಮನೇ. ಬೇಲಿ ಇಲ್ಲ ನೋಡು ಅಕ್ಕ, ಎಂದು ಕಾರ್ಡಿನ ಹಿಂಬದಿಯಲ್ಲಿ ಬರೆದಿದ್ದೀಯ. ಈಗಲೂ ಇಲ್ಲ, ಕಿತ್ತಾಯಿತು, ಎರಡೂ ದೇಶ ಒಂದೇ ಒಕ್ಕೂಟಕ್ಕೆ ಸೇರುವ ಖುಷಿಗೆ ಶುಕ್ರವಾರ ಚೌಕದಲ್ಲಿ ಬ್ಯಾಂಡು ಬಾರಿಸುತ್ತಾರೆ, ಟಿವಿಯವರು ಅಗಲಿದ ಅಕ್ಕತಂಗಿಯರನ್ನು ಹುಡುಕುತ್ತಿದ್ದಾರೆ, ಬಂದು ಅಪ್ಪಿಕೋ ಅಂತ. ಟಿವಿಯಲ್ಲಿ ಎದ್ದು ಕಾಣಲು ನೀಲಿ ಕೋಟು ಹಾಕಿಕೊಂಡು ಬಾ ಅಂತಲೂ. ಅಟ್ಟ ಮೇಲೆ ಒಲೆ ಉರಿಯಿತಂತೆ.

ಎಲ್ಲವನ್ನೂ ಬೇಲಿಯ ತಲೆಗೆ ಕಟ್ಟುವುದು ಸುಲಭ. ನಲವತ್ತೇಳರಲ್ಲಿ ಸೈನಿಕರು ಚೌಕದ ನಡುವೆ ದೇಶದ ಗಡಿಯೆಂದು ಸುಣ್ಣದ ಗೆರೆ ಎಳೆದರು, ಅದರ ಮೇಲೆ ಬೇಲಿ ಬಂತು. ನಾವು ಇಟಲಿಯಲ್ಲಿ ಉಳಿದೆವು. ಹೊಸದಾಗಿ ಮದುವೆಯಾಗಿ ನಿಲ್ದಾಣದಾಚೆ ಹೋಗಿದ್ದ ನೀನು ಯುಗೋಸ್ಲಾವಿಯಾಕ್ಕೆ ಸೇರಿದೆ. ಅದು ನಿನ್ನ ತಪ್ಪಲ್ಲ. ಅಮ್ಮ ಮೂರು ವರ್ಷ ಅದೇ ಕಿಟಕಿಯಲ್ಲಿ ಕೂತು ನಿನ್ನ ಮನೆಯ ಹೊಗೆ ನೋಡಿದಳು. ನಿನ್ನ ಒಲೆ ಹೊತ್ತದ ದಿನ ಅವಳ ಗಂಟಲಲ್ಲೂ ಅನ್ನ ಇಳಿಯುತ್ತಿರಲಿಲ್ಲ.

ಐವತ್ತರ ಆಗಸ್ಟಿನ ಆ ಭಾನುವಾರ ಬೇಲಿ ನಿನ್ನನ್ನು ತಡೆದಿತ್ತೇ? ಕಾವಲುಗಾರರನ್ನು ತಳ್ಳಿಕೊಂಡು ನಿಮ್ಮ ಕಡೆಯ ಸಾವಿರಾರು ಜನ ನಮ್ಮ ಬೀದಿಗೆ ನುಗ್ಗಿದರು. ನಿಮ್ಮಲ್ಲಿ ಆಗ ಪೊರಕೆಗೂ ಬರ; ವಾಪಸು ಹೋಗುವಾಗ ಎಲ್ಲರ ಹೆಗಲ ಮೇಲೂ ನಮ್ಮ ಅಂಗಡಿಗಳಲ್ಲಿ ಕೊಂಡ ಪೊರಕೆ. ಅಮ್ಮ ಹಾಸಿಗೆ ಹಿಡಿದಿದ್ದಳು, ನಿನಗೂ ಸುದ್ದಿ ಮುಟ್ಟಿತ್ತು. "ಡಾನಿಲಾ ಬರ್ತಾಳೆ ಕಣೆ, ಕಾಫಿ ಇಡು," ಅಂದಳು. ಇಟ್ಟು, ಕಿಟಕಿಯಲ್ಲಿ ನಿಂತೆ. ನೀನು ಬಂದೆ, ಎರಡು ಪೊರಕೆ ಹೊತ್ತು. ತಲೆ ಎತ್ತಿ ನನ್ನನ್ನು ನೋಡಿದೆ. ಹಾಗೇ ಹೋಗಿಬಿಟ್ಟೆ. ಇಟಲಿಯವರ ಮನೆ ಹೊಕ್ಕರೆ ಗಂಡನ ಕೆಲಸಕ್ಕೆ ಕುತ್ತು ಎಂದು ಆಮೇಲೆ ಹೇಳಿಕಳಿಸಿದೆ. ಪೊರಕೆಯಿಂದ ಕುತ್ತು ಬರಲಿಲ್ಲವಲ್ಲ. ಆ ವಾರವೇ ಅಮ್ಮ ಹೋದಳು.

ಮುಂದೆ ಗಡಿ ದಾಟಲು ಪಾಸು ಕೊಟ್ಟರು. ನಮ್ಮವರು ಮಾಂಸಕ್ಕೆ ಆಚೆ ಹೋದರು, ನಿಮ್ಮವರು ಜೀನ್ಸಿಗೆ ಈಚೆ ಬಂದರು. ನೀನೂ ಬಂದಿರುತ್ತೀಯ. ನಮ್ಮ ಮೆಟ್ಟಿಲು ಮಾತ್ರ ಹತ್ತಲಿಲ್ಲ.

ಶುಕ್ರವಾರ ನಾನು ಬರುವುದಿಲ್ಲ. ಯಾವ ಮುದುಕಿಯನ್ನಾದರೂ ಅಪ್ಪಿಕೋ, ಟಿವಿಯವರಿಗೆ ಗೊತ್ತಾಗುವುದಿಲ್ಲ. ಕಾರ್ಡು ವಾಪಸು ಕೇಳಬೇಡ, ಅದರಲ್ಲಿ ಅಮ್ಮ ಇದ್ದಾಳೆ.

ನಿನ್ನ ಅಕ್ಕ,
ಯುಸ್ತಿನಾ

ತಾ.ಕ.: ಆ ಪೊರಕೆಯ ಭಾನುವಾರದ ಸಂಜೆ ಅಮ್ಮ ನಿದ್ದೆಯಿಂದೆದ್ದು, ಡಾನಿಲಾ ಬಂದಿದ್ದಳಾ ಎಂದು ಕೇಳಿದಳು. ಬಂದಿದ್ದಳು, ನೀನು ಮಲಗಿದ್ದೆ, ಹಣೆಗೆ ಮುತ್ತಿಟ್ಟು ಹೋದಳು ಅಂದೆ. ಅಮ್ಮ ಹಣೆ ಮುಟ್ಟಿಕೊಂಡು, "ಹೌದು ಕಣೆ, ನಂಗೆ ಗೊತ್ತಾಯ್ತು," ಅಂದಳು. ನಿನಗಾಗಿ ಒಂದು ಸುಳ್ಳು ಹೇಳಿದ್ದೇನೆ ಡಾನಿಲಾ. ಕ್ಯಾಮೆರಾ ಮುಂದೆ ಇನ್ನೊಂದು ಹೇಳಿಸಬೇಡ.