ದಿನಕ್ಕೆ ಅರ್ಧ ಸುತ್ತು

ನನ್ನ ಮುದ್ದಿನ ನಗಾರಿಯೇ,

ಈಗಲೂ ಹಾಗೇ ಕರೆಯುತ್ತೇನೆ, ಮುನಿಸಿಕೊಳ್ಳಬೇಡ. ನೀನು ಮಹಡಿಯ ಮೇಲೆ ತೊಟ್ಟಿಲಲ್ಲಿ ಬಾಯಿ ತೆರೆದರೆ, ಕೆಳಗೆ ನನ್ನ ಬೂಟಿನ ಅಂಗಡಿಯಲ್ಲಿ ಕೂತ ಗಿರಾಕಿಗಳು ಒಂದೇ ಕಾಲಿಗೆ ಬೂಟು ಹಾಕಿಕೊಂಡು ಹೊರಗೋಡುತ್ತಿದ್ದರು. ಅಂಥ ಗಂಟಲು ನಿನ್ನದು.

ಹೊಸ ವರ್ಷದ ಬೆಳಿಗ್ಗೆ ಫೋನು ಮಾಡಿ, "ದೊಡ್ಡಪ್ಪ, ಇನ್ಮೇಲೆ ಚೂಟಿ ಮೇಲೆ ಒಂದ್ಸಲಾನೂ ಕೂಗಾಡಲ್ಲ, ನೋಡ್ತಿರಿ" ಅಂದೆ. ವಾರ ಕಳೆಯಲಿಲ್ಲ, ನಿನ್ನ ಮಗಳು ಒಂದು ಲೋಟ ಹಾಲು ಚೆಲ್ಲಿದಳು, ನೀನು ಸೂರು ಹಾರಿಹೋಗುವ ಹಾಗೆ ಕೂಗಿದೆ. ಅಷ್ಟಕ್ಕೇ, "ನಾನು ತಾಯಿ ಆಗೋಕೇ ಲಾಯಕ್ಕಿಲ್ಲ. ಅವಳನ್ನ ನಿಮ್ಮ ಹತ್ರಾನೇ ಬಿಟ್ಬಿಡ್ತೀನಿ, ಅಲ್ಲೇ ಶಾಲೆಗೆ ಹೋಗ್ಲಿ" ಅನ್ನುತ್ತಿದ್ದೀಯ. ನಿನ್ನ ದೊಡ್ಡಮ್ಮ ಆಗಲೇ ಮಗುವಿಗೊಂದು ಚಿಕ್ಕ ಹೊದಿಕೆ ಹುಡುಕಲು ಹೊರಟಳು. ನಾನು ಪೆನ್ನು ಹುಡುಕಿದೆ.

ನಿನ್ನ ಕಂದು ಬೂಟು ನೆನಪಿದೆಯಾ? ಶಾಲೆಯ ನಾಟಕಕ್ಕೆಂದು ನಿನ್ನಪ್ಪ ತಂದದ್ದು, ಕಿರುಬೆರಳಿನ ಹತ್ತಿರ ಬಿಗಿ. ನಾನು ಅದರೊಳಗೆ ಬೂಟು ಹಿಗ್ಗಿಸುವ ತಿರುಪಿನ ಮರದ ಅಚ್ಚು ತೂರಿಸಿ, "ಈ ತಿರುಪನ್ನ ದಿನಕ್ಕೆ ಅರ್ಧ ಸುತ್ತು ಮಾತ್ರ ತಿರುಗಿಸ್ಬೇಕು, ಚರ್ಮ ತಾನೇ ಜಾಗ ಬಿಡತ್ತೆ" ಅಂತ ಹೇಳಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ನೀನು ಎರಡೂ ಕೈ ಹಾಕಿ ಕೊನೆಯವರೆಗೆ ತಿರುಗಿಸಿದ್ದೆ. ಹೊಲಿಗೆ ಬಿಚ್ಚಿ ಬೂಟು ಬಾಯಿ ಬಿಟ್ಟಿತ್ತು. ಪಕ್ಕದಲ್ಲಿ ನೀನೂ ಬಿಟ್ಟಿದ್ದೆ. "ಬೇಗ ದೊಡ್ಡದಾಗ್ಲಿ ಅಂತ ಮಾಡ್ದೆ" ಎಂದು ಬಿಕ್ಕಿ, ಕೋಪದಲ್ಲಿ ಅದನ್ನು ಕಸದ ಬುಟ್ಟಿಗೆ ಎಸೆದೆ.

ನಾನು ಎತ್ತಿಕೊಂಡು ಬಂದು ತೇಪೆ ಹಾಕಿದೆ. ಮತ್ತೆ ಅಚ್ಚು ಕೂರಿಸಿದೆ. ಆ ವಾರವೆಲ್ಲ ನೀನು ನಾಲಗೆ ಕಚ್ಚಿಕೊಂಡು, ದಿನವೂ ಅರ್ಧ ಸುತ್ತು ತಿರುಗಿಸಿ ಕೈ ತೆಗೆಯುತ್ತಿದ್ದೆ. ನಾಟಕದ ದಿನ ಅದನ್ನೇ ತೊಟ್ಟು ಕುಣಿದೆ. ತೇಪೆ ಯಾರಿಗೂ ಕಾಣಲಿಲ್ಲ, ನಿನ್ನ ಗಂಟಲಂತೂ ಬೀದಿಗೆಲ್ಲ ಕೇಳಿಸಿತು.

ಈಗಲೂ ಒಂದೇ ಬೆಳಿಗ್ಗೆ ತಿರುಪು ಪೂರ್ತಿ ತಿರುಗಿಸಿ, ಬಿಚ್ಚಿಕೊಂಡಿತೆಂದು ಕಸದ ಬುಟ್ಟಿ ಹುಡುಕುತ್ತಿದ್ದೀಯ ಕಂದಾ. ಆ ಬೂಟಿಗೆ ತೋರಿಸಿದ ತಾಳ್ಮೆಯನ್ನು ಒಂಚೂರು ನಿನಗೂ ತೋರಿಸಿಕೊಳ್ಳಬಾರದಾ?

ನಿನಗೆ ಗೊತ್ತಿಲ್ಲದ ಒಂದು ಸುದ್ದಿ ಹೇಳುತ್ತೇನೆ. ನಿನ್ನೆ ನೀನು ಸ್ನಾನಕ್ಕೆ ಹೋಗಿದ್ದಾಗ ಫೋನು ಎತ್ತಿದ್ದು ಚೂಟಿ. "ತಾತ, ಸಾಕ್ಸ್ ಸಿಗ್ಲಿಲ್ಲ ಅಂತ ಅಮ್ಮ ಕೂಗೋಕೆ ಶುರು ಮಾಡಿದ್ಲಾ, ಅರ್ಧಕ್ಕೇ ನಿಲ್ಲಿಸಿ ಸುಮ್ಸುಮ್ನೆ ಕೆಮ್ಮಿಬಿಟ್ಲು! ಆಮೇಲೆ ಇಬ್ರೂ ಮಂಚದ ಕೆಳಗೆ ತೂರಿ ಹುಡುಕಿದ್ವಿ" ಎಂದು ನಕ್ಕಿದ್ದೇ ನಕ್ಕಿದ್ದು. ನೀನು ಕೂಗಿದ್ದನ್ನಷ್ಟೇ ನೆನಪಿಟ್ಟುಕೊಂಡಿದ್ದೀಯ. ಅವಳು, ನೀನು ನಿಲ್ಲಿಸಿದ್ದನ್ನು ನೆನಪಿಟ್ಟುಕೊಂಡಿದ್ದಾಳೆ.

ಅವಳನ್ನು ಕಳಿಸಬೇಡ. ರಜೆಗೆ ಇಬ್ಬರೂ ಬನ್ನಿ. ಚಿಕ್ಕ ಹೊದಿಕೆ ಒಳಗಿಡು, ದೊಡ್ಡದು ತೆಗೆ ಅಂತ ನಿನ್ನ ದೊಡ್ಡಮ್ಮನಿಗೆ ಹೇಳಿದ್ದೇನೆ.

ನಿನ್ನ ಗಂಟಲು ನೂರು ಕಾಲ ಗಟ್ಟಿಯಾಗಿರಲಿ. ಅರ್ಧಕ್ಕೆ ಆ ಕೆಮ್ಮೂ ಬರುತ್ತಿರಲಿ.

ಅಂಗಡಿಯ ಬಾಗಿಲಲ್ಲಿ ನಿಮ್ಮಿಬ್ಬರ ದಾರಿ ನೋಡುವ,
ನಿನ್ನ ದೊಡ್ಡಪ್ಪ