ರಜೆಯ ಆರು ಸಾವಿರ

ಬಸವಕಲ್ಯಾಣ
೨೪ ಮೇ ೨೦೦೨, ಶುಕ್ರವಾರ

ಐಶ್ವರ್ಯಳ ಪಪ್ಪಾ ಅವರಿಗೆ, ಜಯಮಾಲಾ ಮಾಡುವ ಶರಣು.

ಹುಮನಾಬಾದಿನಲ್ಲಿ ಹೇಗಿದ್ದೀರಿ? ಕಾರ್ಖಾನೆಯ ಔಷಧದ ವಾಸನೆಗೆ ತಲೆ ಸಿಡಿಯುತ್ತದೆ ಎಂದಿದ್ದಿರಿ, ಕಡಿಮೆಯಾಯಿತೇ? ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಮುಗಿದಿದ್ದರೆ ಹೇಳಿ ಕಳಿಸಿ, ಖಾನಾವಳಿಯ ಖಾರಕ್ಕೆ ಕೈ ಹಾಕಬೇಡಿ. ಇಲ್ಲಿ ನಾವಿಬ್ಬರೂ ಆರಾಮ. ಎಲ್ಲರ ಪಪ್ಪಾ ರಜೆಯಲ್ಲಿ ಮನೆಯಲ್ಲಿರುವಾಗ ನಮ್ಮ ಪಪ್ಪಾ ಯಾಕಿಲ್ಲ ಎಂದು ಐಶ್ವರ್ಯ ದಿನಾ ಕೇಳುತ್ತಾಳೆ. ಫೋನ್ ಮಾಡಬಹುದಿತ್ತು. ಆದರೆ ಎಸ್‌ಟಿಡಿ ಬೂತಿನವನ ಕಣ್ಣು ಮೀಟರಿನ ಮೇಲಿದ್ದರೂ ಕಿವಿ ನಮ್ಮ ಮಾತಿನ ಮೇಲೇ ಇರುತ್ತದೆ. ಅದಕ್ಕೇ ಈ ಪತ್ರವನ್ನು ನಿಮ್ಮ ವಿದ್ಯಾರ್ಥಿನಿ ಮಲಿಕಾಳ ಕೈಯಲ್ಲಿ ಕಳಿಸುತ್ತಿದ್ದೇನೆ, ಎರಡು ಸಲ ಅಂಟು ಹಚ್ಚಿ.

ಸುತ್ತಿಬಳಸದೆ ಕೇಳುತ್ತೇನೆ. ಬೇಸಿಗೆ ತರಬೇತಿಗೆಂದು ಕಾಲೇಜಿನವರು ಒಬ್ಬೊಬ್ಬ ವಿದ್ಯಾರ್ಥಿಯಿಂದ ಐದುನೂರು ಕಟ್ಟಿಸಿಕೊಂಡು, ಕಾರ್ಖಾನೆಯಲ್ಲಿ ಅವರನ್ನು ನೋಡಿಕೊಳ್ಳುವ ನಿಮ್ಮ ನಾಲ್ವರು ಸರ್‌ಗಳಿಗೆ ಬಸ್ಸಿನ ಚಾರ್ಜೂ ಕೊಡಲಿಲ್ಲ. ಮೀಟಿಂಗಿನಲ್ಲಿ ಎದ್ದು ನಿಂತವರು ನೀವೊಬ್ಬರೇ. "ರಜಾದಾಗ ದುಡಿಸ್ಕೊಂತೀರಿ, ರಜಾದ ಪಗಾರ ಕೊಡ್ರಿ. ಕೊಟ್ಟರ ನಾಲ್ಕೂ ಮಂದಿಗಿ ಕೊಡ್ರಿ, ನನಗೊಬ್ಬನಿಗೇ ಬ್ಯಾಡ" ಎಂದಿರಿ. ಕೇಳಿದ್ದು ಆರು ವಾರಕ್ಕೆ ಒಬ್ಬೊಬ್ಬರಿಗೆ ಆರು ಸಾವಿರ. ನನಗೆ ಆ ದಿನ ಎಷ್ಟು ಹೆಮ್ಮೆಯಾಗಿತ್ತು! ಇನ್ನೂ ಒಂದು ಪೈಸೆ ಬಂದಿಲ್ಲ ಎಂದು ಹೋದ ರವಿವಾರವೂ ಹೇಳಿ ಹೋದಿರಿ.

ನಿನ್ನೆ ಕಾಲೇಜಿನ ಕ್ಲರ್ಕ್ ಅಜೀಮುದ್ದೀನರ ಹೆಂಡತಿ ಕುಲ್ಸುಮ್ ಬೀ ನಲ್ಲಿಯ ಹತ್ತಿರ ಸಿಕ್ಕಿದ್ದಳು. "ನಿಮ್ಮ ಸರ್ದು ರೊಕ್ಕ ಬಂತಂತಲ್ರಿ ಅಕ್ಕಾ. ಉಳದ ಸರ್‌ಗೋಳು ಭಾಳ ಸಿಟ್ಟಾಗ್ಯಾರ, ಲೀಡರ್ ತನ್ನದು ತಗೊಂಡು ಸುಮ್ನ ಕುಂತಾನಂತ" ಎಂದಳು. ನನ್ನ ಕೊಡ ತುಂಬಿ ಹರಿದರೂ ನನಗೆ ಎಚ್ಚರವಿರಲಿಲ್ಲ. ಮನೆಗೆ ಬಂದು ನಿಮ್ಮ ಅಂಗಿಗಳ ಕಿಸೆ ನೋಡಿದೆ, ಟ್ರಂಕಿನ ತಳ ನೋಡಿದೆ. ಮೋರಖಂಡಿಯಲ್ಲಿ ನಿಮ್ಮ ಅಕ್ಕ ಸೂಗಮ್ಮ ಈ ತಿಂಗಳೇ ಮಾಳಿಗೆಗೆ ಹೊಸ ತಗಡಿನ ಪತ್ರಾ ಹಾಕಿಸಿದ್ದಾರೆ. ಎಲ್ಲಿಂದ ಬಂತು ಅಷ್ಟು ರೊಕ್ಕ? ಅಕ್ಕನಿಗೆ ಕೊಡಬೇಡಿ ಎಂದು ನಾನು ಯಾವತ್ತಾದರೂ ಅಂದಿದ್ದೇನೆಯೇ? ಮುಚ್ಚಿಟ್ಟಿದ್ದಕ್ಕೆ ನನಗೆ ಸಂಕಟ. ಆ ಮೂವರಿಗೆ ಮೋಸ ಮಾಡಿ ತಂದ ರೊಕ್ಕವಾದರೆ ನಮ್ಮ ಮನೆಗೆ ಬೇಡ. ಮಲಿಕಾಳ ಕೈಯಲ್ಲೇ ಉತ್ತರ ಕಳಿಸಿ, ನಿಜ ಬರೆಯಿರಿ.

ಮಗಳು ಮುತ್ತು ಕಳಿಸಿದ್ದಾಳೆ. ಬಿಸಿಲಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಓಡಾಡಿ.

ಇಂತಿ
ಜಯಮಾಲಾ

ತಾ.ಕ.: ಪತ್ರ ಅಂಟಿಸದೆ ಹಾಗೇ ಇಟ್ಟು ಕಾಲೇಜಿಗೆ ಹೋಗಿ ಬಂದೆ, ಕಣ್ಣಾರೆ ನೋಡದೆ ಸಮಾಧಾನವಾಗಲಿಲ್ಲ. ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಆರು ಸಾವಿರ, ರೆವಿನ್ಯೂ ಟಿಕೆಟ್, ಅದರ ಮೇಲೆ ಸಹಿ. ಸಹಿ ನಿಮ್ಮದಲ್ಲ, ನನ್ನದು. ಹೋದ ವಾರ ಅಜೀಮುದ್ದೀನ್ ಮನೆಗೆ ಬಂದು "ಸರ್ ಹೆಸರಿಗಿ ಕಾಗದ ಅದರಿ ಅಕ್ಕಾ, ಮುಟ್ಟಿತಂತ ಸಹಿ ಮಾಡ್ರಿ" ಎಂದರು. ಹಾಳೆ ಮಡಚಿ ಟಿಕೆಟ್ ಅಷ್ಟೇ ತೋರಿಸಿದರು. ಹಾಲಿನವನನ್ನೂ ನಂಬದ ನಾನು ಒಲೆಯ ಮೇಲೆ ಬೇಳೆ ಉಕ್ಕುತ್ತಿದೆಯೆಂದು ಗೀಚಿ ಒಳಗೆ ಓಡಿದೆ. ಅವರು ಕೊಟ್ಟುಹೋದ ಲಕೋಟೆಯಲ್ಲಿದ್ದದ್ದು ಬರೀ ಒಂದು ಸುತ್ತೋಲೆ. ಇವತ್ತು ಪ್ರಿನ್ಸಿಪಾಲರು "ಮನಿಗಿ ಮುಟ್ಟ್ಯಾದಲ್ಲಮ್ಮಾ" ಎಂದು ನಕ್ಕರು. ಸೋಮವಾರ ಮೊದಲ ಬಸ್ಸಿಗೆ ಬನ್ನಿ. ಸಹಿ ನನ್ನದು, ರೊಕ್ಕ ಬಂದಿಲ್ಲ ಎಂದು ಆ ಮೂವರ ಎದುರು ನಾನೇ ಹೇಳುತ್ತೇನೆ. ಅವರು ನಂಬುತ್ತಾರೋ ಇಲ್ಲವೋ. ಮೇಲೆ ಬರೆದದ್ದನ್ನು ಹೊಡೆದು ಹಾಕಿಲ್ಲ, ಓದಿ ಬಯ್ಯಿರಿ. ಆದರೆ ರೊಕ್ಕ ನಾನು ಇಟ್ಟುಕೊಂಡೆ ಎಂದು ನೀವು ಮಾತ್ರ ಅನುಮಾನ ಪಡಬೇಡಿ.