ಸ್ವಯಂಪಾಕದವರು

ನನ್ನ ಅಕ್ಕಯ್ಯಾ,

ನೀನಿದ್ದಾಗ ಒಂದು ಕಾರ್ಡೂ ಬರೆಯದ ತಮ್ಮ ಈಗ ಕಾಗದ ಹಿಡಿದು ಕೂತಿದ್ದಾನೆ ಎಂದು ನಗಬೇಡ. ಶಾಲೆಯಲ್ಲಿ ಮೇಷ್ಟ್ರು ನನ್ನ ಅಕ್ಷರವನ್ನು ಎಲ್ಲ ಮಕ್ಕಳಿಗೂ ತೋರಿಸುತ್ತಿದ್ದರು, ಮರೆತೆಯಾ? ಹೇಗೆ ಬರೆಯಬಾರದು ಎಂದು ತೋರಿಸುತ್ತಿದ್ದರು ಅಂತ ನೀನು ಹೇಳುತ್ತಿದ್ದೆ. ಹೊಟ್ಟೆಕಿಚ್ಚು ನಿನಗೆ. ಇರಲಿ. ನಿನ್ನ ಮಗ ಮಂಜನ ಸಮಾಚಾರ ಹೇಳಬೇಕಿದೆ.

ಅವನಿಗೆ ಕೋಣೆ ಹುಡುಕಿಕೊಂಡು ಸಾಗರದ ಬೀದಿ ಬೀದಿ ಸುತ್ತಿದ ದಿನ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಲೇಜಿಗೆ ಸೇರಿಸಿಕೊಂಡಿದ್ದರು, ಹಾಸ್ಟೆಲಿನಲ್ಲಿ ಮಾತ್ರ ಜಾಗವಿಲ್ಲ ಅಂದಿದ್ದರು. ಕೋಣೆ ಹಿಡಿದು, ತಾನೇ ಬೇಯಿಸಿಕೊಂಡು ಓದಬೇಕು. ಅವನಿಗೋ ನೀರು ಕಾಯಿಸಲೂ ಬಾರದು. ಅದಕ್ಕೇ ಅಲ್ಲವೇ ನೀನು ಹೊಸನಗರದಿಂದ ನನ್ನನ್ನೂ ಅವನ ಜೊತೆ ಬಸ್ಸು ಹತ್ತಿಸಿದ್ದು? ಆದರೆ ನಾವು ಒಕ್ಕಲು ಮನೆಯವರು ಎಂದ ಕೂಡಲೇ ಎಲ್ಲ ಬಾಗಿಲೂ ಮುಚ್ಚುತ್ತಿದ್ದವು. ಸಂಜೆ ಒಬ್ಬ ಯಜಮಾನರು ಜಗಲಿಯ ಮೇಲಿಂದಲೇ ಕೇಳಿದರು, "ಊಟಕ್ಕೆ ಹೋಟೆಲೋ, ಸ್ವಯಂಪಾಕವೋ?" ತನ್ನ ಅಡುಗೆ ತಾನು ಮಾಡಿಕೊಳ್ಳುವುದೇ ಸ್ವಯಂಪಾಕ ತಾನೇ? ನಾನು ಎದೆಯುಬ್ಬಿಸಿ, "ಸ್ವಯಂಪಾಕ ಸ್ವಾಮಿ! ನಮ್ಮ ವಂಶದಲ್ಲೇ ಇನ್ನೊಬ್ರ ಕೈ ಅಡುಗೆ ಮುಟ್ಟಿದವರಿಲ್ಲ" ಅಂದುಬಿಟ್ಟೆ. ಯಜಮಾನರು ಎದ್ದು ನಿಂತರು. "ಒಕ್ಕಲು ಜನರಲ್ಲೂ ಇಷ್ಟು ನೇಮದವರು ಇದಾರಾ!" ಅಂದು ಬೀಗದಕೈ ತಂದುಕೊಟ್ಟರು. ಅವರ ಭಾಷೆಯಲ್ಲಿ ಸ್ವಯಂಪಾಕವೆಂದರೆ ಮಡಿ, ಒದ್ದೆಬಟ್ಟೆ, ಮೀನು ಮಾಂಸದ ಸುದ್ದಿಯೇ ಇಲ್ಲದ ಆಚಾರ! ನನಗೆ ಅರ್ಥವಾಗುವಷ್ಟರಲ್ಲಿ ಹಾಸಿಗೆ ಬಿಚ್ಚಿ ಆಗಿತ್ತು.

ಆಮೇಲಿನ ಬೆಳಗುಗಳನ್ನು ಹೇಗೆ ಹೇಳಲಿ? ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಂಡು ನಡುಗುತ್ತಾ ಬಂದು ಸ್ಟೋವಿಗೆ ಪಂಪು ಹೊಡೆಯಬೇಕು. ಈರುಳ್ಳಿ ಹೆಚ್ಚುವುದಕ್ಕೂ ಕಿಟಕಿ ಹಾಕಬೇಕು. ಹಾಕಿದರೆ ಸೀಮೆಎಣ್ಣೆಯ ಹೊಗೆಗೆ ಕಣ್ಣು ಬಿಡಲಾಗದು, ತೆಗೆದರೆ ಯಜಮಾನರ ಹೆಂಡತಿ ಅಲ್ಲೇ ಹೂವು ಕೊಯ್ಯುತ್ತಿರುತ್ತಾರೆ. ಯಜಮಾನರಂತೂ ಬಂದ ನೆಂಟರಿಗೆಲ್ಲ ನಮ್ಮನ್ನು ತೋರಿಸುತ್ತಿದ್ದರು, ಬೋನಿನೊಳಗಿನ ಪ್ರಾಣಿಯ ಹಾಗೆ. ಮಂಜ ಹಲ್ಲು ಕಡಿಯುತ್ತಿದ್ದ. "ಮಾವ, ನೀ ಬಾಯಿ ಬಿಟ್ಟಿದ್ಕೆ ನಾ ಬಾಯಿ ಕಟ್ಬೇಕಾ?" ಬೇರೆ ಕೋಣೆ ಎಲ್ಲಿತ್ತು ಅಕ್ಕಯ್ಯಾ? ಇದೂ ಹೋದರೆ ಓದೂ ಹೋದಂತೆ.

ನೀನು ಬಸ್ಸಿನಲ್ಲಿ ಒಣಮೀನಿನ ಪೊಟ್ಟಣ ಕಳಿಸಿದ ದಿನವಂತೂ... ಬೇಯಿಸುವ ಹಾಗಿಲ್ಲ, ಬಿಸಾಡಲು ಮನಸ್ಸಿಲ್ಲ. ಡಬ್ಬಕ್ಕೆ ತುಂಬಿ, ಬಟ್ಟೆ ಸುತ್ತಿ, ಟ್ರಂಕಿನ ತಳಕ್ಕೆ ಇಳಿಸಿದೆವು. ಆದರೂ ಹೊರಗೆ ಯಜಮಾನರ ಹೆಂಡತಿ ಗಂಡನಿಗೆ ಹೇಳುವುದು ಕೇಳಿಸಿತು, "ಎಂತದೋ ವಾಸನೆ ಬತ್ತಾ ಇದ್ದು." ನಾನು ಹಾರಿ ಹೊರಗೆ ಬಂದು, "ನಾಟಿ ಔಷಧ ಅಮ್ಮಾ, ನನ್ನ ಮಂಡಿ ನೋವಿಗೆ" ಅಂದೆ. "ಹೌದಾ? ನಂಗೂ ಮಂಡಿ ನೋವು. ಚೂರು ಕೊಡಿ." "ಕೊಡ್ಬಹುದಿತ್ತು. ಪಥ್ಯ ಕಷ್ಟ, ಹಚ್ಕೊಂಡ ಮೇಲೆ ವಾರ ಪೂರ್ತಿ ಮಾತಾಡಂಗಿಲ್ಲ." "ಅಯ್ಯೋ, ಹಾಗಾದ್ರೆ ಬ್ಯಾಡ." ಇಂಥ ಬುದ್ಧಿ ಸಾಗರದಿಂದ ತೀರ್ಥಹಳ್ಳಿಯವರೆಗೆ ಇನ್ಯಾರಿಗಾದರೂ ಇದೆಯಾ? ನಿನಗೆ ಹೇಳಿ ನಗಿಸಬೇಕೆಂದಿದ್ದೆ. ಅಷ್ಟರಲ್ಲಿ ನಿನ್ನ ಜ್ವರದ ಸುದ್ದಿ ಬಂತು. ನಾವು ಊರು ಮುಟ್ಟುವ ಹೊತ್ತಿಗೆ...

ನಿನ್ನ ಕಾರ್ಯ ಮುಗಿಸಿ ಮತ್ತೆ ಆ ಕೋಣೆಗೇ ಬಂದೆವು. ಗಟ್ಟಿಯಾಗಿ ಅಳುವುದಕ್ಕೂ ಅಲ್ಲಿ ಜಾಗವಿರಲಿಲ್ಲ. ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ ಬಂತು, ಮಾರನೆಯ ದಿನವೇ ಮಂಜನ ಪರೀಕ್ಷೆ. ಊರಿಗೆ ಹೋದರೆ ಹೊತ್ತಿಗೆ ಸರಿಯಾಗಿ ಬರಲು ಬಸ್ಸಿಲ್ಲ. "ಊರಲ್ಲಿ ಭಾವ ಇಡ್ತಾರೆ, ಬಿಡೋ" ಅಂದೆ. "ಅವ್ವಂಗೆ ನಾ ಇಡ್ಬೇಕು" ಅಂದ. "ಇಲ್ಲಿ ಮೀನು ಬೇಯ್ಸಿದ್ರೆ ನಾಳೆ ಎಲ್ಲಿ ಕೂತು ಓದ್ತೀಯಾ?" "ಅವ್ವಂಗೆ ಬರೀ ಅನ್ನ ಸಾರು ಇಡ್ಲಾ? ಅವ್ಳು ಮುಟ್ತಾಳಾ, ನೀನೇ ಹೇಳು." ಮಾತಿಗೆ ಎಂದೂ ಸೋಲದ ನಾನು ಅಕ್ಕಿ ತೊಳೆಯಲು ಎದ್ದೆ.

ಅವನು ಟ್ರಂಕು ತೆಗೆದ. ಇಷ್ಟು ದಿನ ನನ್ನನ್ನು ನೋಡಿ ಕಲಿತಿದ್ದನಲ್ಲ, ತಾನೇ ಮೀನು ತೊಳೆದ, ಖಾರ ಅರೆದ, ಸ್ಟೋವು ಹಚ್ಚಿದ. ನಾನು ಕಿಟಕಿ ಮುಚ್ಚಲು ಹೋದರೆ ಕೈ ಹಿಡಿದು ತಡೆದ. ಎಲೆ ಹಾಕಿ, ಅನ್ನ ಬಡಿಸಿ, ನೀನು ಕಳಿಸಿದ್ದನ್ನೇ ನಿನಗೆ ಇಟ್ಟು ಕೈಮುಗಿಯುವಾಗ ಯಜಮಾನರು ಬಾಗಿಲಿಗೆ ಬಂದರು. ಮೂಗಿಗೆ ಪಂಚೆಯ ತುದಿ. "ಇದೆಂತದು?" ನನ್ನ ನಾಲಗೆಯ ಮೇಲೆ ಒಂದು ಹೊಸ ಔಷಧ ಸಿದ್ಧವಾಗಿತ್ತು. ಅಷ್ಟರಲ್ಲಿ ಮಂಜ, "ಎಡೆ. ನಮ್ಮವ್ವಂಗೆ. ನಾವು ಮೀನು ತಿನ್ನೋ ಜನ" ಅಂದ. ಯಜಮಾನರು ಎಲೆಯನ್ನು ನೋಡಿದರು, ನನ್ನನ್ನು ನೋಡಿದರು. ಆ ನೋಟ ಬೇಡ ಅಕ್ಕಯ್ಯಾ. "ಪರೀಕ್ಷೆ ಮುಗಿದ ದಿನ ಬೀಗದಕೈ ಕೊಟ್ಟು ಹೋಗಿ" ಅಂದು ತಿರುಗಿದರು.

ಕೊಟ್ಟು ಬಂದೆವು. ಪರೀಕ್ಷೆ ಚೆನ್ನಾಗಿ ಮಾಡಿದ್ದೇನೆ ಅನ್ನುತ್ತಾನೆ. ಮತ್ತೆ ಕೋಣೆ ಹುಡುಕುವಾಗ ನನಗೆ ಬಾಯಿ ತೆರೆಯಲು ಬಿಡಲಿಲ್ಲ. "ನಾವು ಮೀನು ತಿಂತೀವಿ, ಕೊಡ್ತೀರೋ ಇಲ್ವೋ ಈಗ್ಲೇ ಹೇಳಿ" ಅಂತ ಮೊದಲೇ ಕೇಳುತ್ತಿದ್ದ. ಬಹಳ ಮನೆಗಳಲ್ಲಿ ಇಲ್ಲ ಅಂದರು. ಕೊನೆಗೆ ಸೈಕಲ್ ರಿಪೇರಿಯವನೊಬ್ಬ ಅಂಗಡಿಯ ಹಿಂದಿನ ಕೋಣೆ ಕೊಟ್ಟಿದ್ದಾನೆ. ಕಿಟಕಿಯೇ ಇಲ್ಲ, ಕಾಲು ಚಾಚಿದರೆ ಗೋಡೆ ತಾಗುತ್ತದೆ. "ನೀ ಊರಿಗೆ ಹೋಗು ಮಾವ, ನಾ ಮಾಡ್ಕೊಂಡು ತಿಂತೀನಿ" ಅಂದ. ಹೊರಡುವ ಮೊದಲು ನಿನಗೆ ಬರೆಯೋಣವೆಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೇನೆ. ಒಳಗೆ ನಿನ್ನ ಮಗ ಬಾಗಿಲನ್ನು ಪೂರ್ತಿ ತೆರೆದಿಟ್ಟು ಒಗ್ಗರಣೆ ಹಾಕುತ್ತಿದ್ದಾನೆ.